ತಾಳ ತಪ್ಪದ ಮೂವರು

ನೆಲಗನ್ನಡಿಯ ಪರದೆ ಕಪ್ಪಾಗಿಯೇ ಇತ್ತು. ಗಣಿಯ ಮೇಲಿನ ಬಯಲಿನಲ್ಲಿ ನಾನೂರು ಸಂವೇದಕಗಳನ್ನು ಮೊಳೆಗಳಂತೆ ನೆಲಕ್ಕೆ ಹೊಡೆಯಲಾಗಿತ್ತು. ಇನ್ನೂರು ಅಡಿ ಕೆಳಗೆ ಮನುಷ್ಯ ಮಗ್ಗುಲು ಬದಲಿಸಿದರೂ ಬಂಡೆಯಲ್ಲಿ ಹುಟ್ಟುವ ಕಂಪನವನ್ನು ಅವು ಹಿಡಿಯುತ್ತವೆ. ಗಣಕಯಂತ್ರ ಅದನ್ನು ಚಿತ್ರವಾಗಿಸುತ್ತದೆ. ಜೀವ ಇದ್ದಲ್ಲಿ ಕೆಂಪು ಚುಕ್ಕೆ ಮೂಡಬೇಕು. ಹಿಂದಿನ ಸಂಜೆ ಕುಸಿದ ಸುರಂಗದಲ್ಲಿ ಮೂವರು ಸಿಕ್ಕಿಬಿದ್ದಿದ್ದರು. ಚುಕ್ಕೆ ಒಂದೂ ಇರಲಿಲ್ಲ.

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಡಾ. ಮಂದಾಕಿನಿ ಕಿತ್ತೂರ ಅವರ ಹೆಗ್ಗಣ ಮಾತ್ರ ನಿಜಕ್ಕೂ ಜಾಣ. ಉಪಗ್ರಹಗಳಿಗೆ ಕಣ್ಣು ಕಟ್ಟಿಕೊಟ್ಟು, ಸೇತುವೆಗಳ ಒಳಬಿರುಕು ತೋರಿಸುವ ಉಪಕರಣ ಮಾಡಿ, ಮೂವತ್ತೊಂದು ವರ್ಷದ ವೃತ್ತಿಯ ಕೊನೆಗೆ ಅವರು ಕಟ್ಟಿದ್ದು ಈ ನೆಲಗನ್ನಡಿ. ಗಣಿಯಲ್ಲಿ ಪಂಪು, ಫ್ಯಾನುಗಳ ಗದ್ದಲದಲ್ಲಿ ಮನುಷ್ಯನ ಸದ್ದು ಮುಳುಗಿಹೋಗುತ್ತದೆ. ಅದಕ್ಕೆ ಅವರು ಸರಳ ಉಪಾಯ ಹೂಡಿದ್ದರು: ಒಂದೇ ಸಮನೆ ಮರುಕಳಿಸುವ ಕಂಪನವೆಲ್ಲ ಯಂತ್ರದ್ದು, ಅಳಿಸಿಬಿಡು, ಏರುಪೇರಾಗುವುದು ಜೀವದ್ದು, ಉಳಿಸಿಕೋ. ಆ ಉಪಾಯಕ್ಕೆ ಎರಡು ಪ್ರಶಸ್ತಿಗಳೂ ಬಂದಿದ್ದವು.

“ಮೇಡಂ, ಚಾವಣಿ ಇನ್ನೂ ಜರುಗ್ತಾ ಇದೆ,” ಎಂದರು ರಕ್ಷಣಾ ಅಧಿಕಾರಿ. “ಕೆಳಗೆ ಯಾರೂ ಬದುಕಿಲ್ಲ ಅಂದ್ರೆ ನನ್ನ ಹುಡುಗರನ್ನ ವಾಪಸ್ ಕರೆಸ್ತೀನಿ. ನಾಲ್ಕು ಗಂಟೆಗೆ ನೀವೇ ಹೇಳಬೇಕು.”

ಮಧ್ಯಾಹ್ನ ಮೂರೂವರೆಯಾಗಿತ್ತು. ಸಿಕ್ಕಿಬಿದ್ದ ಹುಸೇನಪ್ಪನ ಹೆಂಡತಿ ಹುಲಿಗೆಮ್ಮ ಡೇರೆಯ ಬಾಗಿಲಲ್ಲೇ ಕೂತಿದ್ದಳು.

“ಅಮ್ಮಾರ, ಅದು ನೋಡತೈತೇನ್ರಿ, ಕೇಳತೈತೇನ್ರಿ?”

“ಕೇಳಿ ಚಿತ್ರಾ ಬರೀತದವ್ವಾ.”

“ಹಂಗಾದ್ರ ನನಗೂ ಒಂಚೂರು ಕೇಳಸ್ರಿ.”

ಬೇಡವೆನ್ನಲು ಮಂದಾಕಿನಿಯವರಿಗೆ ಬಾಯಿ ಬರಲಿಲ್ಲ. ಅಳಿಸುವ ಮೊದಲಿನ ಕಚ್ಚಾ ಸದ್ದನ್ನೇ ಹೆಡ್‌ಫೋನಿಗೆ ಹಾಕಿಕೊಟ್ಟರು. ಹುಲಿಗೆಮ್ಮ ಕಣ್ಣು ಮುಚ್ಚಿ ಕೇಳಿದಳು. ಅವಳ ಬೆರಳು ಮೊಣಕಾಲಿನ ಮೇಲೆ ಮೆಲ್ಲಗೆ ಬಡಿಯತೊಡಗಿತು.

“ಮೂರು ಪೆಟ್ಟು, ಒಂದು ಉಸುರು. ಇದು ನಮ್ಮವರದ್ರಿ.”

“ಅದು ಪಂಪಿನ ಸದ್ದು. ಒಂದೀಟೂ ಹೆಚ್ಚುಕಡಿಮಿ ಆಗವಲ್ದು ನೋಡು.”

“ಬಾವಿ ತೋಡೋ ಮಂದಿ ನಾವು. ಒಂದು ಉಳಿ ಸುತ್ತ ಮೂರು ಮಂದಿ ನಿಂತು ಸುತ್ತಿಗಿ ಹೊಡೀತೀವ್ರಿ. ತಾಳ ತಪ್ಪಿದ್ರ ಉಳಿ ಹಿಡಿದವನ ಕೈ ಹೋಗತೈತಿ. ನಮ್ಮವರು ತಪ್ಪಂಗಿಲ್ಲ.”

ಮಂದಾಕಿನಿ ಅಧಿಕಾರಿಯತ್ತ ತಿರುಗಿದರು. ಪಂಪುಗಳನ್ನೆಲ್ಲ ನಿಲ್ಲಿಸಲು ಹೇಳಿದರು.

“ನೀರು ಏರುತ್ತೆ ಮೇಡಂ.”

“ಎರಡು ನಿಮಿಷ ಸಾಕು.”

ಪಂಪುಗಳು ನಿಂತವು. ಪೆಟ್ಟು ನಿಲ್ಲಲಿಲ್ಲ. ತಾವೇ ಬರೆದ ಅಳಿಸುವ ಸೂತ್ರವನ್ನು ಮಂದಾಕಿನಿ ತೆಗೆದುಹಾಕಿದರು. ಪರದೆಯ ಎಡಮೂಲೆಯಲ್ಲಿ ಮೂರು ಕೆಂಪು ಚುಕ್ಕೆಗಳು ಒತ್ತೊತ್ತಾಗಿ ಮೂಡಿದವು. ಹುಲಿಗೆಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅಧಿಕಾರಿ ಗಂಟೆ ನಾಲ್ಕಾಗುವುದನ್ನು ಕಾಯದೆ ಓಡಿದರು.

ಮರುದಿನ ಬೆಳಿಗ್ಗೆ ಮೂವರನ್ನೂ ಮೇಲೆತ್ತಿದರು. ಒಬ್ಬನ ಕಾಲು ಮುರಿದಿತ್ತು, ಉಳಿದಂತೆ ಎಲ್ಲರೂ ಕ್ಷೇಮ. ಮಂದಾಕಿನಿಯವರಿಗೆ ಹೋದ ಜೀವ ಬಂದಂತಾಯಿತು. ಚಹಾ ಕುಡಿಯುತ್ತಿದ್ದ ಹುಸೇನಪ್ಪನ ಪಕ್ಕದಲ್ಲೇ ನೆಲದ ಮೇಲೆ ಕೂತರು.

“ಅಷ್ಟೊತ್ತು ತಾಳ ಹೆಂಗ ಹಿಡದ್ರಿ? ಹೆಂಗ ಬೇಕಾದಂಗ ಬಡಿದಿದ್ರ ನನ್ನ ಯಂತ್ರ ಆಗಿಂದಾಗ ಹಿಡೀತಿತ್ತು.”

“ಒಳಗ ಗಾಳಿ ಕಡಿಮಿ ಇತ್ರಿ. ನಿದ್ದಿ ಹತ್ತಿದ್ರ ಮತ್ತ ಏಳಂಗಿಲ್ಲ ಅಂತ ಗೊತ್ತಿತ್ತು. ಅದಕ್ಕ ಒಬ್ಬೊಬ್ಬರದು ಒಂದೊಂದು ಪೆಟ್ಟು. ಯಾರ ಪೆಟ್ಟು ತಪ್ಪತೈತೋ ಅವನ ಜೀವ ಸೋಲಾಕ ಹತ್ತೈತಿ ಅಂತ ತಿಳಿದು ಬಡಿದು ಎಬ್ಬಸೋದು ಅಂತ ಮಾತಾಗಿತ್ತು. ಒಬ್ಬರೂ ತಪ್ಪಲಿಲ್ರಿ.”

ಮಂದಾಕಿನಿಯವರಿಗೆ ಆಗ ಹೊಳೆಯಿತು. ಹಾಗಾದರೆ ಇವರು ತಾಳ ತಪ್ಪಿ ಸಾಯತೊಡಗಿದ ಮೇಲಷ್ಟೇ ತಮ್ಮ ನೆಲಗನ್ನಡಿಗೆ ಕಾಣುತ್ತಿದ್ದರು.

“ಪುಣ್ಯಕ್ಕ ನೀವು ತಪ್ಪಲಿಲ್ಲಪ್ಪಾ,” ಎಂದು ಹುಸೇನಪ್ಪನ ಕೈ ಹಿಡಿದುಕೊಂಡು ಅತ್ತುಬಿಟ್ಟರು.