ಇವನನ್ನು ಅಣ್ಣ ಅನ್ನಬೇಡಮ್ಮ

"ಬೆಡ್ ನಂಬರ್ ಏಳು... ನೀರು ಕುಡಿದಾಯ್ತಾ? ಇಲ್ಲಾಂದ್ರೆ ನಾನೇ ಬಂದು ಕುಡಿಸ್ತೀನಿ, ನೋಡಿ ಮತ್ತೆ."

ಪರದೆಯಾಚೆಯಿಂದ ಹೆಡ್ ನರ್ಸ್ ದನಿ ಗದರಿದ್ದೇ ತಡ, ಅವಳು ಲೋಟವೆತ್ತಿ ಗಟಗಟನೆ ಕುಡಿದಳು. ಬಾಯಿ ತುಂಬ ಹುಣ್ಣು, ಗುಟುಕು ಗುಟುಕಿಗೂ ಉರಿ. ಆದರೂ ಕುಡಿದಳು. ಆ ಹೆಡ್ ನರ್ಸಿಗೆ ಡಾಕ್ಟರೇ ಹೆದರುತ್ತಿದ್ದರು, ಇನ್ನು ಇವಳು ಯಾವ ಲೆಕ್ಕ.

ಲೋಟ ಕೆಳಗಿಡುವಷ್ಟರಲ್ಲಿ ನಿಜವಾದ ಹೆಡ್ ನರ್ಸ್ ಬಾಗಿಲಿನಿಂದ ಒಳಗೆ ಬಂದರು.

ಹಾಗಾದರೆ... ಪರದೆಯಾಚೆ ಇದ್ದದ್ದು ಯಾರು?

ಪರದೆ ಸರಿಯಿತು. ಮೊಣಕೈಗೆ ಹತ್ತಿ ಒತ್ತಿಕೊಂಡ ಉದ್ದನೆಯ ಯುವಕನೊಬ್ಬ ಅಪ್ಪನ ಪಕ್ಕದಲ್ಲಿ ನಿಂತಿದ್ದ. ಮಾಸ್ಕಿನ ಮೇಲೆ ಕಾಣುತ್ತಿದ್ದದ್ದು ಕಣ್ಣೆರಡೇ. ಅವುಗಳಲ್ಲಿ ಹಾಲು ಕುಡಿದು ಸಿಕ್ಕಿಬಿದ್ದ ಬೆಕ್ಕಿನ ನೋಟ.

"ಇವ್ರೇ ಕಣೇ ನಿಂಗೆ ಪ್ಲೇಟ್‌ಲೆಟ್ ಕೊಟ್ಟೋರು," ಎಂದರು ಅಪ್ಪ.

"ಕೈ ಅಲ್ಲಾಡಿಸ್ಬೇಡಿ ಅಂತ ಅವ್ರು ಒಂದೇ ಸಮ ಬೈದ್ರು," ಅವನು ಹೆಡ್ ನರ್ಸ್ ಕಡೆ ತೋರಿಸಿದ. "ಮಷಿನ್ ರಕ್ತ ತಗೊಳ್ತು, ನಾನು ಅವರ ದನಿ ತಗೊಂಡೆ."

ಅವಳಿಗೆ ನಗು ಬಂತು. ನಕ್ಕದ್ದೇ ತುಟಿ ಬಿರಿಯಿತು. ನೋವಿಗೆ ಕಣ್ಣಲ್ಲಿ ನೀರು.

"ನಗಿಸ್ಬೇಡ್ರೀ... ತುಟಿ ಒಡೆಯುತ್ತೆ," ಅವಳು ಸಿಟ್ಟಿನಿಂದಲೇ ಹೇಳಿದಳು.

"ಸರಿ, ಇನ್ಮೇಲೆ ಕೆಟ್ಟ ಜೋಕ್ ಮಾತ್ರ ಹೇಳ್ತೀನಿ. ನನ್ನ ಹತ್ರ ಜಾಸ್ತಿ ಇರೋದೂ ಅದೇ."

ಮನೆಯಲ್ಲಿ ಅವಳನ್ನು ಕರೆಯುವ ಹೆಸರು ಪಿಟೀಲು. ಹುಟ್ಟಿದಾಗ ಅತ್ತ ದನಿ ಕೇಳಿ ಅಪ್ಪ ಇಟ್ಟದ್ದು. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವುದು ಅವಳ ಕೆಲಸ. ಊರಿನವರ ಕಣ್ಣಿಗೆಲ್ಲ ಬೆಳಕು ಜೋಡಿಸುತ್ತಿದ್ದವಳಿಗೆ ಒಂದು ದಿನ ಅಂಗಡಿಯಲ್ಲೇ ಕಣ್ಣು ಕತ್ತಲೆ ಬಂತು. ರಕ್ತದ ಕ್ಯಾನ್ಸರ್ ಎಂದರು.

ಅವನು ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನು. ಇಡೀ ನಿಲ್ದಾಣಕ್ಕೆ ಮೈಕಣ್ಣ. ಪ್ಲೇಟ್‌ಲೆಟ್ ಬೇಕಾಗಿದೆ ಎಂದು ಸಾರಿಸಲು ಅವಳ ಅಪ್ಪ ಓಡಿಬಂದಾಗ ಅವನು ಮತ್ತೆ ಮತ್ತೆ ಸಾರಿದ. ಯಾರೂ ಮುಂದೆ ಬರಲಿಲ್ಲ. ಕೊನೆಗೆ ಮೈಕನ್ನು ಜೊತೆಯವರಿಗೆ ಕೊಟ್ಟು ತಾನೇ ಎದ್ದ. ಕೂಗಿದವನೂ ಅವನೇ, ಓಗೊಟ್ಟವನೂ ಅವನೇ.

ಆಮೇಲೂ ಬೇಕಾದಾಗಲೆಲ್ಲ ಬಂದ. ಒಮ್ಮೆ ದಾರಿಯಲ್ಲಿ ಗಾಡಿ ಕೆಟ್ಟು ತಡವಾಯಿತು. ವಾರ್ಡಿನ ಬಾಗಿಲಲ್ಲಿ ನಿಂತು, ನಿಲ್ದಾಣದ ದನಿಯಲ್ಲಿ ಹೇಳಿದ:

"ಪ್ರಯಾಣಿಕರ ಗಮನಕ್ಕೆ. ಪ್ಲೇಟು ಲೇಟಾಗಿದೆ. ನಿಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ."

ಆ ದಿನ ಅವಳು ತುಟಿಗೆ ಬಟ್ಟೆ ಒತ್ತಿಕೊಂಡು ನಕ್ಕಳು. ಪಕ್ಕದ ಹಾಸಿಗೆಯ ಅಜ್ಜಿಯೂ ನಕ್ಕರು. ಹೆಡ್ ನರ್ಸ್ ಮಾತ್ರ ಬೆನ್ನು ತಿರುಗಿಸಿ ನಿಂತರು. ಅವರ ಹೆಗಲು ಅಲುಗುತ್ತಿತ್ತು.

ಕೊನೆಗೂ ಮನೆಗೆ ಹೋಗುವ ದಿನ ಬಂತು.

"ಕಾಯಿಲೆ ಹಿಡಿತಕ್ಕೆ ಬಂದಿದೆ," ಎಂದರು ಡಾಕ್ಟರ್. "ಇನ್ಮೇಲೆ ಮೇಂಟೆನೆನ್ಸ್. ದಿನಾ ಮಾತ್ರೆ, ಆಗಾಗ ರಕ್ತ ಪರೀಕ್ಷೆ."

ವ್ಯಾನ್ ಓಡಿಸುವ ಅಪ್ಪನಿಗೆ ಆ ಭಾಷೆ ಚೆನ್ನಾಗಿ ಅರ್ಥವಾಯಿತು. "ಮೇಂಟೆನೆನ್ಸ್ ಮಾಡಿದ್ರೆ ಗಾಡಿ ಓಡೇ ಓಡುತ್ತೆ ಬಿಡಿ."

ಹೀಗೆ ದಿನಗಳು ಒಂದೊಂದಾಗಿ ಬಂದವು. ಬೆಳಿಗ್ಗೆ ಎದ್ದರೆ ಹೊಟ್ಟೆ ತೊಳಸು, ಸಂಜೆಗೆ ಕಾಲು ಸೆಳೆತ. ಮಧ್ಯೆ, ಅರ್ಧ ದಿನ ಅಂಗಡಿ. ತಲೆಯ ಮೇಲೆ ಎಳೆಹುಲ್ಲಿನಂತೆ ಕೂದಲು ಮೊಳೆತಾಗ ಅವಳು ಕನ್ನಡಿಯ ಮುಂದೆ ನಿಂತು ಸುಮ್ಮನೆ ಸವರಿಕೊಳ್ಳುತ್ತಿದ್ದಳು. ಮೊದಲಾದರೆ ಜಡೆ ಹಾಕಲು ಬೇಜಾರುಪಡುತ್ತಿದ್ದ ಹುಡುಗಿ. ಈಗ ಒಂದು ಅನ್ನದ ಅಗುಳು ಉರಿಯಿಲ್ಲದೆ ಗಂಟಲಿಗಿಳಿದರೂ ಅದು ಯಾರೋ ಕೊಟ್ಟ ಉಡುಗೊರೆಯಂತೆ ಅನಿಸುತ್ತಿತ್ತು.

ಭಾನುವಾರವಾದರೆ ಮೈಕಣ್ಣ. ಯಾರೂ ಹೇಳದಿದ್ದರೂ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು, ಮಾಸ್ಕ್ ಸರಿಮಾಡಿಕೊಂಡು, ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದ. ವಾರವಿಡೀ ನಿಲ್ದಾಣದಲ್ಲಿ ಕೇಳಿದ ದನಿಗಳನ್ನೆಲ್ಲ ತಂದು ಅವಳ ಮುಂದೆ ಸುರಿಯುತ್ತಿದ್ದ.

ಒಂದು ಭಾನುವಾರ ಅಮ್ಮ ಅವನ ಮುಂದೆ ಹಾಲಿನ ಲೋಟ ಇಟ್ಟು ಹೇಳಿದರು:

"ನಿನ್ನ ರಕ್ತ ಇವಳ ಮೈಯಲ್ಲಿ ಓಡಿದೆ ಕಣಪ್ಪ. ನೀನು ಇವಳಿಗೆ ಒಡಹುಟ್ಟಿದ ಅಣ್ಣನ ಹಾಗೆ. ರಕ್ತಸಂಬಂಧ ಅಂದ್ರೆ ಇದೇ ತಾನೆ?"

ಎಲ್ಲದಕ್ಕೂ ಮಾತಿರುತ್ತಿದ್ದ ಮೈಕಣ್ಣನ ವೈರು ಯಾರೋ ಕಿತ್ತಂತಾಯಿತು. ಹಾಲು ಗಂಟಲಲ್ಲಿ ಸಿಕ್ಕಿದವನಂತೆ ಕೂತ ಅವನ ಅವಸ್ಥೆ ನೋಡಿ ಪಿಟೀಲು ಜೋರಾಗಿ ನಕ್ಕುಬಿಟ್ಟಳು.

ಆ ನಗುವನ್ನು ಅವನು 'ಹೌದು' ಎಂದು ಓದಿಕೊಂಡ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ಭಾನುವಾರವೂ.

ಅವಳು ಕಾದಳು. ಫೋನ್ ಮಾಡಿದರೆ "ಡ್ಯೂಟಿ ಇದೆ", "ಆಮೇಲೆ ಮಾಡ್ತೀನಿ". ಆಮೇಲೆ ಎಂಬುದು ಬರಲೇ ಇಲ್ಲ.

"ಏನೇ, ಸೋಮವಾರ ಬಂದ್ರೆ ಅವನ ಕಥೆನೇ ಹೇಳ್ತಿದ್ದೆ. ಮೈಕ್ ಕೆಟ್ಟೋಯ್ತಾ?" ಅಂಗಡಿಯ ಯಜಮಾನಿ ಕೆಣಕಿದರು. ಪಿಟೀಲು ತಲೆಯೆತ್ತದೆ ಗಾಜು ಉಜ್ಜಿದಳು.

ಪ್ಲೇಟ್‌ಲೆಟ್ ಬೇಕಿದ್ದಾಗ ಓಡಿಬರ್ತಿದ್ರು. ಈಗ ಬೇಡ. ಅವರ ಪುಣ್ಯದ ಕೆಲಸ ಮುಗೀತು... ನಾನು ಪೇಷಂಟ್ ಆಗಿದ್ದೆ, ಅಷ್ಟೆ.

ರಕ್ತ ಪರೀಕ್ಷೆಯ ದಿನ ಲ್ಯಾಬಿನ ಬೆಂಚಿನಲ್ಲಿ ಕೂತಿದ್ದಾಗ ಅವಳ ಮನಸ್ಸಿನಲ್ಲಿ ಒಂದು ಆಸೆ ಹೆಡೆಯೆತ್ತಿತು.

ಪ್ಲೇಟ್‌ಲೆಟ್ ಕೌಂಟ್ ಸ್ವಲ್ಪ ಇಳಿದ್ರೆ... ಸ್ವಲ್ಪ ಸಾಕು... ಆಗ ಬರ್ತಾರಲ್ವಾ?

ಮರುಕ್ಷಣ ಅವಳು ಬೆಂಚಿನಿಂದ ಎದ್ದು ನಿಂತಳು. ಇದೇ ಕೌಂಟ್ ಏರಲಿ ಎಂದು ಅಪ್ಪ ಎಷ್ಟು ಜನರ ಮುಂದೆ ಕೈಮುಗಿದಿದ್ದರು. ಎಷ್ಟು ಜನ ಕೈ ಚಾಚಿ ಮಲಗಿದ್ದರು. ಅವನೂ ಮಲಗಿದ್ದ. ಅವರೆಲ್ಲ ಕೊಟ್ಟದ್ದನ್ನು ಒಬ್ಬನ ಮುಖ ನೋಡುವುದಕ್ಕೋಸ್ಕರ ಚೆಲ್ಲಲು ಹೊರಟೆನಲ್ಲ...

ಹುಷಾರಾಗಿರೋಳಾಗೇ ಹೋಗಿ ಕೇಳ್ಬೇಕು. ಬೇಡ ಅಂದ್ರೆ ಅನ್ನಲಿ.

ಕೌಂಟ್ ಚೆನ್ನಾಗಿಯೇ ಬಂತು. ಅವಳು ಮಾಸ್ಕ್ ಬಿಗಿ ಮಾಡಿಕೊಂಡು ನೇರ ಬಸ್ ನಿಲ್ದಾಣಕ್ಕೆ ನಡೆದಳು. ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆದುಕೊಂಡಳು.

ಗಾಜಿನ ಕೋಣೆಯಲ್ಲಿ ಅವನು ಯಾವುದೋ ಬಸ್ಸನ್ನು ಹೊರಡಿಸುತ್ತಿದ್ದ. ಅವಳನ್ನು ಕಂಡವನೇ ಅರ್ಧ ವಾಕ್ಯಕ್ಕೆ ನಿಲ್ಲಿಸಿ ಬಾಗಿಲು ತೆರೆದ.

"ಮೊದ್ಲು ಮೈಕ್ ಆಫ್ ಮಾಡಿ. ಊರಿಗೆಲ್ಲ ಸಾರೋ ವಿಷಯ ಅಲ್ಲ."

ಆಫ್ ಮಾಡಿದ. ಮರುಗಳಿಗೆ ಅವನ ಕೈ ತಾನಾಗಿ ಶರ್ಟಿನ ತೋಳು ಮಡಚತೊಡಗಿತು. "ಕೌಂಟ್ ಇಳಿದಿದ್ಯಾ? ನಡೀರಿ, ಈಗ್ಲೇ ಹೋಗೋಣ."

"ಕೌಂಟ್ ಚೆನ್ನಾಗಿದೆ."

"ಮತ್ತೆ?"

"ರಕ್ತ ಬೇಡ. ನೀವು ಬೇಕು."

ಮಡಚಿದ ತೋಳು ಅಲ್ಲೇ ನಿಂತಿತು. ಹೊರಗೆ ಯಾರೋ ಬಸ್ ಯಾವಾಗ ಬರುತ್ತೆ ಎಂದು ಗಾಜು ತಟ್ಟುತ್ತಿದ್ದರು.

"ನಿಮ್ಮಮ್ಮ... ಅಣ್ಣ ಅಂದ್ರಲ್ಲ. ನೀವೂ ನಕ್ರಿ."

"ಅಯ್ಯೋ, ನಾನು ನಕ್ಕಿದ್ದು ನಿಮ್ಮ ಮುಖ ನೋಡಿ. ಅಮ್ಮ ಹಾಲಿನವನಿಗೂ ಅಣ್ಣ ಅಂತಾಳೆ, ಪೇಪರಿನವನಿಗೂ ಅಣ್ಣ ಅಂತಾಳೆ. ಬಿಟ್ಟಿರೋದು ನಮ್ಮಪ್ಪನ್ನ ಒಬ್ರನ್ನೇ."

ಅವನು ನಗಲಿಲ್ಲ. ಅವಳೂ ದನಿ ತಗ್ಗಿಸಿದಳು.

"ಮುಚ್ಚುಮರೆ ಬೇಡ, ಕೇಳಿ. ಮಾತ್ರೆ ಇನ್ನೂ ತುಂಬಾ ದಿನ ಇದೆ. ಕಾಯಿಲೆ ವಾಪಸ್ ಬರಲ್ಲ ಅಂತ ಡಾಕ್ಟರ್ ಕೂಡ ಬರೆದುಕೊಡಲ್ಲ. ಕೆಲವು ದಿನ ನಂಗೆ ಎದ್ದು ಕೂರೋಕೂ ಆಗಲ್ಲ. ಪಾಪ ಅಂತ ಬರೋದಾದ್ರೆ ಬೇಡ."

ಅವನು ಮಡಚಿದ ತೋಳನ್ನು ನಿಧಾನವಾಗಿ ಬಿಡಿಸಿದ. ಮಾತಾಡಿದಾಗ ಅದರಲ್ಲಿ ಬೇರೆ ಯಾರ ದನಿಯೂ ಬೆರೆತಿರಲಿಲ್ಲ. ತೆಳ್ಳಗೆ, ಸ್ವಲ್ಪ ಒಡೆದ ದನಿ.

"ನಂಗೆ ಭಯ ಇದೆ. ಸುಳ್ಳು ಹೇಳಲ್ಲ. ಭಯ ಇಟ್ಕೊಂಡೇ ಬರ್ತೀನಿ... ಆಗುತ್ತಾ?"

ಅವಳು ತಲೆಯಾಡಿಸಿದಳು. ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದಳು.

"ಅಮ್ಮ, ಇವನನ್ನು ಅಣ್ಣ ಅನ್ನಬೇಡಮ್ಮ."

ಆ ಕಡೆ ಪಾತ್ರೆಯ ಸದ್ದು ನಿಂತಿತು.

"ನಂಗೇನು ಕಣ್ಣಿಲ್ವೇನೇ?" ಎಂದರು ಅಮ್ಮ. "ಅಣ್ಣ ಅಲ್ದೆ ಬೇರೆ ಏನೋ ಆದವನು, ನಾಳೆ ಕಾಯಿಲೆ ತಿರುಗಿ ಬಂದಾಗ ಬಿಟ್ಟುಹೋದ್ರೆ ನೀನು ತಡ್ಕೊಳ್ತೀಯಾ? ಅಣ್ಣ ಅಂದ್ಬಿಟ್ರೆ ಬಿಟ್ಟುಹೋಗೋಕಾಗಲ್ವಲ್ಲ... ಅದಕ್ಕೇ ಅಂದೆ."

"ಆ ಮಾತಿಗೇ ಬಿಟ್ಟುಹೋಗಿದ್ನಲ್ಲಮ್ಮ."

ಅವನು ಫೋನಿನ ಕಡೆ ಬಾಗಿದ. "ಇನ್ನು ಹೋಗಲ್ಲಮ್ಮ."

"ನೋಡಪ್ಪ," ಎಂದರು ಅಮ್ಮ, ಮೂಗು ಒರೆಸಿಕೊಳ್ಳುತ್ತ, "ಅಲ್ಲಿ ಧೂಳು ಜಾಸ್ತಿ, ಅವಳನ್ನ ತುಂಬಾ ಹೊತ್ತು ನಿಲ್ಲಿಸ್ಬೇಡ. ನೀನೇ ಕರ್ಕೊಂಡು ಬಾ."

ಜೊತೆಯವರಿಗೆ ಮೈಕ್ ಒಪ್ಪಿಸಿ ಅವನು ಹೊರಬಂದ. ಬಸ್ಸು ಬರುವ ತನಕ ಇಬ್ಬರೂ ಕಂಬದ ನೆರಳಿನ ಬೆಂಚಿನಲ್ಲಿ ಕೂತರು. ಅವಳಿಗೆ ಸುಸ್ತಾಗಿತ್ತು. ತಲೆಯನ್ನು ಅವನ ಹೆಗಲಿಗೆ ಒರಗಿಸಿದಳು. ಅವನು ಹೆಗಲನ್ನು ಒಂದಿಷ್ಟೂ ಅಲುಗಿಸದೆ ಕೂತ.

"ಒಂದು ಥ್ಯಾಂಕ್ಸ್ ಹೇಳ್ಲಾ?"

"ಪ್ಲೇಟ್‌ಲೆಟ್‌ಗಾ?"

"ಅಲ್ಲ. ಇವತ್ತಿಗೆ."

"ಇವತ್ತು ಇನ್ನೂ ಅರ್ಧ ಬಾಕಿ ಇದೆಯಲ್ಲೇ."

"ಅದಕ್ಕೂ ಸೇರಿಸಿಕೋ," ಎಂದಳು ಪಿಟೀಲು, ಕಣ್ಣು ಮುಚ್ಚಿಕೊಂಡು.