ಮೇಷ್ಟ್ರ ನಾಲ್ಕು ಉಗುರು

"ಮತ್ತೆ ಎದ್ದು ಬಂತಾ?"

ಪುಟ್ಟಿ ಕೇಳಿದ್ದು ಸಿಟ್ಟಿನಲ್ಲೇ. ಆದರೆ ಪಾರ್ಲರ್ ಬಾಗಿಲಲ್ಲಿ ಗಿಟಾರ್ ಚೀಲ ಹೆಗಲಿಗೇರಿಸಿ ನಿಂತಿದ್ದ ಸಂಗೀತದ ಮೇಷ್ಟ್ರನ್ನು ಕಂಡು ಒಳಗೊಳಗೇ ಹಿಗ್ಗಿದ್ದೂ ಸುಳ್ಳಲ್ಲ. ಸಿಟ್ಟು, ಹಿಗ್ಗು ಎರಡೂ ಒಂದೇ ಮುಖದಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಅವಳು ತಲೆ ತಗ್ಗಿಸಿ, ಆಗಲೇ ಮಡಚಿದ್ದ ಟವೆಲನ್ನು ಮತ್ತೆ ಮಡಚತೊಡಗಿದಳು.

ಮೇಷ್ಟ್ರು ಹೋಮ್‌ವರ್ಕ್ ಮಾಡದ ಹುಡುಗನ ಹಾಗೆ ಬಲಗೈ ಚಾಚಿದರು. "ಎರಡು ಪೂರ್ತಿ ಹೋದ್ವು. ಇನ್ನೆರಡು ಹೊರಡೋ ತಯಾರಿಯಲ್ಲಿವೆ."

ತಂತಿ ಮೀಟುವ ನಾಲ್ಕು ಉಗುರು ಮುರಿಯದಿರಲಿ ಎಂದು ಅವರು ಬಣ್ಣವಿಲ್ಲದ ಜೆಲ್ ಪಾಲಿಶ್ ಹಾಕಿಸಿಕೊಳ್ಳುತ್ತಿದ್ದರು. ಪುಟ್ಟಿ ಹಾಕಿದ ಜೆಲ್ ಎಂದರೆ ಉಗುರು ಬೆಳೆದು ಮುಂದೆ ಹೋದೀತೇ ಹೊರತು ಜೆಲ್ ಕದಲುತ್ತಿರಲಿಲ್ಲ. ಪಾತ್ರೆ ತಿಕ್ಕುವವರು, ಈಜುವವರು, ದಿನವಿಡೀ ಟೈಪ್ ಮಾಡುವವರು, ಎಲ್ಲರ ಕೈಯಲ್ಲೂ ಗಟ್ಟಿ. ಮೇಷ್ಟ್ರ ಕೈಯಲ್ಲಿ ಮಾತ್ರ ವಾರ ತುಂಬುವ ಮೊದಲೇ ಹಳೆ ಗೋಡೆಯ ಸುಣ್ಣದಂತೆ ಅಂಚು ಎದ್ದು ಬರುತ್ತಿತ್ತು.

"ಕೂತಲ್ಲಿ ಕೂತು ನೀವೇ ಕಿತ್ಕೊಳ್ತೀರಿ," ಎಂದು ಕಳೆದ ಸಲ ಅವಳು ಗದರಿಸಿದ್ದಳು.

"ಇರಬಹುದು," ಎಂದು ಅವರು ಒಪ್ಪಿಕೊಂಡಿದ್ದರು. ಅಷ್ಟು ಸಲೀಸಾಗಿ ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ಪುಟ್ಟಿ ಅದುವರೆಗೆ ಕಂಡಿರಲಿಲ್ಲ. ಆ ರಾತ್ರಿ ಅವಳಿಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ.

ಪಾರ್ಲರ್ ಚಿಕ್ಕಮ್ಮನದು. ಅವಳು ಕನ್ನಡಿಯ ಮುಂದೆ ಯಾರದೋ ಕೂದಲಿಗೆ ಬಣ್ಣ ಹಚ್ಚುತ್ತಿದ್ದರೂ ಕಿವಿ ಇತ್ತಲೇ ಇತ್ತು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಗಿರಾಕಿ ಮೇಲೆ ಹಾಕ್ಬೇಡ ಪುಟ್ಟಿ. ಇನ್ನೊಂದು ಸಲ ಎದ್ದು ಬಂತೋ, ಮೇಷ್ಟ್ರನ್ನ ನಾನೇ ಕೂರಿಸ್ಕೊತೀನಿ. ನೀನು ಈ ಕಡೆ ಬಂದು ತಲೆ ತೊಳಿ."

ಪುಟ್ಟಿ ಟವೆಲ್ ಮಡಚುವುದನ್ನು ನಿಲ್ಲಿಸಿದಳು. ಹೆಸರು ಕೆಟ್ಟರೆ ಕೆಡಲಿ. ವಾರವೆಲ್ಲ ಅವಳು ಕಾಯುತ್ತಿದ್ದದ್ದು ಈ ಪುಟ್ಟ ಮೇಜಿಗೆ, ಮೇಜಿನ ಮೇಲೆ ಆ ಕೈಗೆ. ಅದೇ ಚಿಕ್ಕಮ್ಮನ ಪಾಲಾಗಿಬಿಟ್ಟರೆ?

"ಒಂದ್ನಿಮಿಷ, ಬಂದೆ," ಎಂದವಳು ಒಳಗಿನ ಕೋಣೆಗೆ ಹೋಗಿ, ಯಾರಿಗೂ ಕಾಣದಂತೆ ಕೈಗೆ ಗುಲಾಬಿ ಪರಿಮಳದ ಕ್ರೀಮ್ ತಿಕ್ಕಿಕೊಂಡು ಬಂದಳು. ಪಾಲಿಶ್ ಕರಗಿಸುವ ಅಸಿಟೋನ್ ಮುಟ್ಟಿ ಮುಟ್ಟಿ ಅವಳ ಬೆರಳು ಸ್ಯಾಂಡ್‌ಪೇಪರ್ ಆಗಿದ್ದವು. ಅಂಥ ಬೆರಳಲ್ಲಿ ಆ ಕೈ ಹಿಡಿಯಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಇವತ್ತು ಕೆಲಸ ಅಚ್ಚುಕಟ್ಟಾಗಬೇಕು. ಹಳೆ ಜೆಲ್ ಕರಗಿಸಿದಳು. ಉಗುರಿನ ಬುಡದ ಚರ್ಮವನ್ನು ಮೆಲ್ಲಗೆ ಹಿಂದೆ ತಳ್ಳಿದಳು. ಹೊಳಪು ಹೋಗುವಷ್ಟೇ ಉಜ್ಜಿದಳು.

"ಪಾತ್ರೆ ತೊಳೀತೀರಾ?"

"ನೀವು ಬೈದ ಮೇಲೆ ಗ್ಲೌಸ್ ಹಾಕ್ಕೊಂಡೇ."

"ತಲೆಸ್ನಾನ?"

"ಎಡಗೈಲಿ."

"ಒಂದೇ ಕೈಲಾ!"

"ನಮ್ಮಮ್ಮನೂ ಹಾಗೇ ಕೇಳಿದ್ರು, ಬಲಗೈಗೆ ಏನಾಯ್ತೋ ಅಂತ. ನೆನೆಸಿದ್ರೆ ಪುಟ್ಟಿ ಬೈತಾರೆ ಅಂದೆ. ಯಾರೋ ಆ ಪುಟ್ಟಿ ಅಂದ್ರು."

"ನೀವೇನಂದ್ರಿ?"

"ಇನ್ನೂ ಏನೂ ಅಂದಿಲ್ಲ."

ಅವಳು ತಲೆ ಎತ್ತಿದಳು. ಮೇಷ್ಟ್ರ ತುಟಿ ಗಂಭೀರವಾಗಿತ್ತು, ಕಣ್ಣು ನಗುತ್ತಿತ್ತು. ಪುಟ್ಟಿ ಗಡಿಬಿಡಿಯಲ್ಲಿ ಹತ್ತಿಯನ್ನು ಕ್ಲೀನರ್‌ನಲ್ಲಿ ಅದ್ದಿ ಉಗುರು ಒರೆಸಿದಳು. ಜಿಡ್ಡೆಲ್ಲ ಹೋಗಿ ಉಗುರು ಬಳಪದಷ್ಟು ಒಣಗಿ ಬೆಳ್ಳಗಾಯಿತು. ಬೆರಳನ್ನು ಹಿಡಿದು ತನ್ನತ್ತ ತಿರುಗಿಸಿ, ಹೆಬ್ಬೆರಳು ಸರಿಸಿದಳು.

ಬೆಳ್ಳಗಿದ್ದ ಉಗುರಿನ ನಡುವೆ ಒಂದು ಹೊಳೆಯುವ ಗುರುತು ಉಳಿದಿತ್ತು. ಅವಳದೇ ಹೆಬ್ಬೆರಳಿನದು.

ಕ್ರೀಮ್!

ಜಿಡ್ಡು ಸೋಕಿದ ಉಗುರಿಗೆ ಜೆಲ್ ಹಿಡಿಯುವುದಿಲ್ಲ. ಈ ಕಸುಬಿನ ಮೊದಲ ಪಾಠವೇ ಅದು. ಬಂದ ಗಿರಾಕಿಗಳಿಗೆಲ್ಲ ಪುಟ್ಟಿಯೇ ಅದನ್ನು ಗಿಳಿಪಾಠದಂತೆ ಒಪ್ಪಿಸುತ್ತಿದ್ದಳು. ಈಗ ಎದ್ದು ಹೋಗಿ ಸದ್ದಿಲ್ಲದೆ ಕೈ ತೊಳೆದು ಬಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ತನ್ನ ತಪ್ಪಿಗೆ ಈ ಮನುಷ್ಯ ಒಂಟಿ ಕೈಯಲ್ಲಿ ತಲೆ ತೊಳೆದುಕೊಂಡಿದ್ದಾರಲ್ಲ!

"ನೀವು ಕಿತ್ತಿಲ್ಲ ಮೇಷ್ಟ್ರೇ. ತಪ್ಪು ನಂದು," ಎಂದಳು. "ನನ್ನ ಕೈಯಲ್ಲಿ ಕ್ರೀಮ್ ಇದೆ. ಅದು ನಿಮ್ಮ ಉಗುರಿಗೆ ಹತ್ತಿ ಜೆಲ್ ಏಳ್ತಿದೆ."

"ಓ. ಮತ್ತೆ ಬೇರೆಯವರದ್ದು ಏಳಲ್ವಾ?"

"ಇಲ್ಲ."

"ಯಾಕೆ?"

ಕನ್ನಡಿಯ ಮುಂದೆ ಚಿಕ್ಕಮ್ಮನ ಬ್ರಷ್ ನಿಂತಿತು. ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವರೂ ಪತ್ರಿಕೆ ಕೆಳಗಿಳಿಸಿದರು.

"ನೀವು ಬರೋ ದಿನ ಮಾತ್ರ ಹಚ್ಕೊಳ್ಳೋದು," ಎಂದಳು ಪುಟ್ಟಿ. ಬೆರಳುಗಳನ್ನು ಅಂಗೈಯೊಳಗೆ ಮಡಚಿಕೊಂಡಳು. "ನನ್ನ ಕೈ ತುಂಬಾ ಒರಟು."

ಮೇಷ್ಟ್ರು ಎಡಗೈಯನ್ನು ಮೇಜಿನ ಮೇಲಿಟ್ಟು ಮಗುಚಿದರು. ತಂತಿ ಒತ್ತಿ ಒತ್ತಿ ಬೆರಳ ತುದಿಗಳೆಲ್ಲ ಜಡ್ಡುಗಟ್ಟಿದ್ದವು.

"ಮುಟ್ಟಿ ನೋಡಿ. ಇದಕ್ಕಿಂತ ಒರಟಾ?"

ಅವಳು ಮುಟ್ಟಿದಳು. ನಗು ಬಂತು, ಕಣ್ಣಲ್ಲಿ ನೀರೂ ಬಂತು.

"ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಂತೆ," ಎಂದಳು ಚಿಕ್ಕಮ್ಮ. "ಸೋಪು ಹಾಕಿ ಕೈ ತೊಳ್ಕೊಂಡು ಬಾರೇ, ಮಹರಾಯ್ತಿ!"

ತೊಳೆದು ಬಂದ ಒರಟು ಕೈಯಲ್ಲೇ ಅವಳು ಉಗುರುಗಳನ್ನು ಮತ್ತೆ ಒರೆಸಿ ಒಣಗಿಸಿ, ತೆಳ್ಳಗೆ ಜೆಲ್ ಹಚ್ಚಿ, ತುದಿಯ ಅಂಚನ್ನೂ ಮುಚ್ಚಿ, ದೀಪದಡಿ ಗಟ್ಟಿ ಮಾಡಿದಳು. ಮೇಷ್ಟ್ರು ಹೊರಟು ಹೋದ ಮೇಲೆಯೇ ಅವಳಿಗೆ ಹೊಳೆದದ್ದು: ಇನ್ನು ಜೆಲ್ ಏಳುವುದಿಲ್ಲ. ಏಳದಿದ್ದರೆ ಅವರು ಬೇಗನೆ ಬರುವುದೂ ಇಲ್ಲ.

ಆದರೆ ಮುಂದಿನ ವಾರ ಅದೇ ಹೊತ್ತಿಗೆ ಬಾಗಿಲಲ್ಲಿ ಗಿಟಾರ್ ಚೀಲ ಕಾಣಿಸಿತು.

"ಎದ್ದು ಬಂತಾ?" ಪುಟ್ಟಿ ಗಾಬರಿಯಾದಳು.

"ಒಂದೂ ಇಲ್ಲ. ಕಲ್ಲಿದ್ದ ಹಾಗಿವೆ." ಮೇಷ್ಟ್ರು ಕೂತು ಎಡಗೈ ಚಾಚಿದರು.

"ಈ ಕೈಯಲ್ಲಿ ಉಗುರೇ ಬಿಟ್ಟಿಲ್ವಲ್ಲ ನೀವು. ಇದಕ್ಕೆ ನಾನೇನು ಮಾಡ್ಲಿ?"

"ಏನೂ ಮಾಡೋದು ಬೇಡ. ಸುಮ್ನೆ ಹಿಡ್ಕೊಳ್ಳಿ." ಅವರ ಕಿವಿ ಕೆಂಪಾಗಿತ್ತು. "ಯಾರೋ ಆ ಪುಟ್ಟಿ ಅಂತ ಅಮ್ಮ ಮತ್ತೆ ಕೇಳಿದ್ರು. ಈ ಸಲ ಹೇಳ್ಬಿಟ್ಟೆ."

ಇವತ್ತು ಜೆಲ್ ಇಲ್ಲ, ಕ್ರೀಮ್ ಹಚ್ಚಿಕೊಂಡರೂ ನಷ್ಟವಿಲ್ಲ. ಪುಟ್ಟಿ ಅರ್ಧ ಎದ್ದವಳು ಮತ್ತೆ ಕೂತು, ಹಾಗೆಯೇ ಆ ಕೈ ಹಿಡಿದುಕೊಂಡಳು.