ಸುಣ್ಣದಡಿಯ ಪಾದಗಳು

ಬಹಳ ಹಿಂದೆ ಹಾಲುಗಲ್ಲು ಎಂಬ ರಾಜ್ಯದಲ್ಲಿ ಇಟ್ಟಿಗೆ ಸುಡುವ ಕಪ್ಪುಮೈಯ ಜನರಿದ್ದರು. ಅವರಲ್ಲೊಂದು ಪದ್ಧತಿ. ಮಗು ಹುಟ್ಟಿದ ಹನ್ನೆರಡನೇ ದಿನ ಅದರ ಬಲಗಾಲನ್ನು ಹಸಿ ಇಟ್ಟಿಗೆಯ ಮೇಲೆ ಒತ್ತಿ, ಆ ಇಟ್ಟಿಗೆಯನ್ನು ಸುಟ್ಟು ಕೋಟೆಗೆ ಸೇರಿಸುವರು. ಏಳು ತಲೆಮಾರಿನ ಪಾದಗಳಿಂದ ಎದ್ದ ಕೋಟೆ ಅದು.

ರಾಜ ವಿಜಯಧ್ವಜ ಒಳ್ಳೆಯವನೇ, ಆದರೆ ಹಿತ್ತಾಳೆ ಕಿವಿ. ಎಲ್ಲಿಂದಲೋ ಬಂದ ಧವಳಾಂಗನೆಂಬ ಮಾಂತ್ರಿಕ ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಮಾಂತ್ರಿಕ ಮೊದಲು ಕೋಟೆಗೆ ಸುಣ್ಣ ಬಳಿಸಿದ. ಆಮೇಲೆ ಬುರುಜು ಹತ್ತಿ ಮಂತ್ರ ಹಾಕಿದ.

"ಈ ಕರಿಯರು ಹೊರಗಿನವರು! ಅಲ್ಲವೆನ್ನುವುದಾದರೆ ಸಾಕ್ಷಿ ತನ್ನಿ. ಮನುಷ್ಯರ ಸಾಕ್ಷಿ ನಡೆಯದು. ಮೂರೇ ಅವಕಾಶ. ಹೊತ್ತು ಮುಳುಗಿದರೆ ಎಲ್ಲರೂ ಕಾಗೆಗಳಾಗುವಿರಿ!"

ಇಟ್ಟಿಗೆಗೂಡಿನ ಸಾತವ್ವನ ಮಗಳು ಬೊಮ್ಮಿ ಮುಂದೆ ಬಂದಳು.

ಮೊದಲು ಪಟ್ಟದಾನೆಯನ್ನು ಕರೆತಂದಳು. "ಇವಳಜ್ಜಿ ಕಟ್ಟಿದ ಗಜಶಾಲೆಯಲ್ಲೇ ನಾನು ಹುಟ್ಟಿದ್ದು" ಎಂದಿತು ಆನೆ.

"ಆನೆಯೂ ಕಪ್ಪು. ನಡೆಯದು" ಎಂದ ಧವಳಾಂಗ.

ಎರಡನೇ ಸಲ ಕೆರೆಯ ಹಂಸವನ್ನು ಕರೆತಂದಳು. "ಈ ಕೆರೆಯ ಮೆಟ್ಟಿಲೆಲ್ಲ ಇವರು ಕಟ್ಟಿದ್ದು" ಎಂದಿತು ಹಂಸ.

"ಬೆಳ್ಳಗಿದ್ದರೇನು? ಹಾರಿಬಂದ ಹಕ್ಕಿ. ನಡೆಯದು."

ಕಪ್ಪಗಿದ್ದರೂ ತಪ್ಪು, ಬೆಳ್ಳಗಿದ್ದರೂ ತಪ್ಪು! ಇಂಥವನಿಗೆ ಸಾಕ್ಷಿ ಹೇಳಲು ಯಾರನ್ನು ತರುವುದು?

ಸೂರ್ಯ ಗುಡ್ಡ ಮುಟ್ಟಿದ. ಸಾತವ್ವನ ಬೆರಳುಗಳಿಂದ ಗರಿಗಳು ಮೂಡತೊಡಗಿದವು. "ಬೊಮ್ಮೀ... ಬಾಗಿಲ ಎಡಕ್ಕೆ... ನಿನ್ನ ಕಾಲು..." ಎನ್ನುವಷ್ಟರಲ್ಲಿ ಅವಳ ದನಿ ಕಾಗೆಯ ಕೂಗಾಯಿತು.

ಬೊಮ್ಮಿ ಕೋಟೆಬಾಗಿಲಿಗೆ ಓಡಿದಳು. ಉಗುರು ಕಿತ್ತು ರಕ್ತ ಬರುವವರೆಗೆ ಸುಣ್ಣ ಕೆರೆದಳು. ಬೆರಳುದ್ದದ ಪುಟ್ಟ ಪಾದವೊಂದು ಕಾಣಿಸಿತು.

"ನೋಡಿ, ಇದು ನನ್ ಕಾಲು!"

"ಇಟ್ಟಿಗೆ ನಮ್ಮದು. ನೀವು ತೊಲಗಿ" ಎಂದು ಧವಳಾಂಗ ಬುರುಜಿನಿಂದ ನಕ್ಕ.

ಬೊಮ್ಮಿಗೆ ಮೈಯೆಲ್ಲ ಉರಿದುಹೋಯಿತು. ಅವನತ್ತ ತಿರುಗಿಯೂ ನೋಡದೆ ಗೋಡೆಗೆ ಹೇಳಿದಳು: "ಕೇಳಿದ್ರಾ? ನಮಗಿಲ್ಲಿ ಜಾಗ ಇಲ್ವಂತೆ. ಬನ್ನಿ, ಹೋಗೋಣ."

ಕೋಟೆ ಹೊರಟಿತು. ಒಂದೊಂದೇ ಇಟ್ಟಿಗೆ ಸುಣ್ಣ ಕೊಡವಿ ಕೆಳಗೆ ಹಾರಿ, ಟಪಟಪನೆ ಬೊಮ್ಮಿಯ ಹಿಂದೆ ನಡೆಯಿತು. ಬುರುಜು ಕಳಚಿತು. ಸುಣ್ಣದ ರಾಶಿಗೆ ಬಿದ್ದ ಧವಳಾಂಗ ತಾನೂ ಸುಣ್ಣದ ಪುಡಿಯಾದ. ಜನರ ಮೈಯ ಗರಿಗಳೆಲ್ಲ ಉದುರಿದವು.

ರಾಜ ಬರಿಗಾಲಲ್ಲಿ ಓಡಿಬಂದ. "ತಾಯೀ, ತಪ್ಪಾಯ್ತು. ಇಲ್ಲೇ ಇರಿ, ನಾನು ಅಪ್ಪಣೆ ಕೊಟ್ಟಿದ್ದೇನೆ."

"ಅಪ್ಪಣೆ ಕೊಡೋಕೆ ನೀವ್ಯಾರು ಪ್ರಭು? ಈ ಗೋಡೇಲಿ ನಿಮ್ ಕಾಲು ಎಲ್ಲಿದೆ?"

ರಾಜ ಕೋಟೆಗೆ ಇನ್ನೆಂದೂ ಸುಣ್ಣ ಬಳಿಯುವುದಿಲ್ಲವೆಂದು ಎಲ್ಲರೆದುರು ಮಾತು ಕೊಟ್ಟ ಮೇಲೆಯೇ ಇಟ್ಟಿಗೆಗಳು ತಮ್ಮ ಜಾಗಕ್ಕೆ ಮರಳಿದವು.

ಮರುವರ್ಷ ರಾಣಿ ಹೆತ್ತಳು. ಹನ್ನೆರಡನೇ ದಿನ ರಾಜ ಕೂಸನ್ನೆತ್ತಿಕೊಂಡು ಇಟ್ಟಿಗೆಗೂಡಿಗೆ ಬಂದು, "ಇವಳದೂ ಒಂದು ಕಾಲು..." ಎಂದು ತಡವರಿಸಿದ.

ಸಾತವ್ವ ಮಣ್ಣು ಕಲಸುತ್ತಲೇ ಹೇಳಿದಳು: "ಆಗ್ಲಿ ಪ್ರಭು, ಸಾಲಲ್ಲಿ ನಿಂತ್ಕೊಳ್ಳಿ. ನಿಮಗಿಂತ ಮುಂಚೆ ಇನ್ನೂ ಎರಡು ಕೂಸಿವೆ."

ರಾಜ ಸಾಲಲ್ಲಿ ನಿಂತ. ಅಂದಿನಿಂದ ಹಾಲುಗಲ್ಲಿನಲ್ಲಿ ಎಲ್ಲರೂ ನೆಮ್ಮದಿಯಾಗಿದ್ದಾರೆ. ಕೋಟೆಯೂ ನಿಂತಲ್ಲೇ ನಿಂತಿದೆ.